ನೆಟ್‌ವರ್ಕ್ ಮಾರ್ಕೆಟಿಂಗ್ ಸೇರಲೋ ಬೇಡವೋ? ಸೇರಿದವರು ಯಾಕೆ ನಿಲ್ಲಲ್ಲ?

ನವನಗರದ_ಹೊಲಿಗೆ, ಬಾಗಲಕೋಟೆ
ಎಲ್ಲರಿಗೂ ನಮಸ್ಕಾರ. ನಾನು ನವನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ನಾದಿನಿ ಹೋದ ವರ್ಷ ಒಂದು ನೆಟ್‌ವರ್ಕ್ ಕಂಪನಿ ಸೇರಿದ್ದಾರೆ. ಈಗ ನೀನೂ ಬಾ ಅಂತ ಬೆನ್ನು ಹತ್ತಿದ್ದಾರೆ. ಪೌಡರ್, ಜ್ಯೂಸ್, ಸೋಪು, ಟೂತ್‌ಪೇಸ್ಟ್ ಎಲ್ಲ ಇದೆ. ಮೊದಲು 11,000 ರೂಪಾಯಿ ಕಿಟ್ ತಗೋಬೇಕು. ಆಮೇಲೆ ತಿಂಗಳಿಗೆ 2,500 ರೂಪಾಯಿ ಮಾಲು ಎತ್ತಿದರೆ ಮಾತ್ರ ಐಡಿ (ಸದಸ್ಯತ್ವದ ನಂಬರ್) ಆಕ್ಟಿವ್ ಇರುತ್ತಂತೆ. ಎಡಕ್ಕೊಬ್ಬರು, ಬಲಕ್ಕೊಬ್ಬರು ಬಂದರೆ ಪೇರ್ ಆಗಿ ಕಮಿಷನ್.

ನಾದಿನಿ ಸುಳ್ಳು ಹೇಳುವವರಲ್ಲ. ಆದರೆ ಮೊನ್ನೆ ಚಹಾ ಕುಡಿಯುತ್ತಾ ಅವರೇ ಅಂದರು: "ಸೇರ್ಸೂದು ಕಷ್ಟ ಅಲ್ಲ, ನಿಲ್ಸ್ಕೊಳ್ಳೂದ ಕಷ್ಟ. ಮೂರು ತಿಂಗಳಾದ ಮ್ಯಾಲ ಅರ್ಧ ಮಂದಿ ಫೋನ್ ಎತ್ತೂದಿಲ್ಲ." ಅಲ್ಲಿಂದ ನನಗೆ ಅನುಮಾನ ಶುರುವಾಗಿದೆ.

ಸೇರಬಹುದಾ? ಸೇರಿದವರು ಯಾಕೆ ಬಿಟ್ಟು ಹೋಗುತ್ತಾರೆ? ಟೀಮ್ ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಗೆ ಅಂತ ಹೇಳಿ. ಭಾಷಣ ಬೇಡ, ಅದು ಮೀಟಿಂಗ್‌ನಲ್ಲಿ ಸಾಕಷ್ಟು ಕೇಳಿದ್ದೇನೆ. ನಮ್ಮ ಮನೆಯವರು "ನಿನ್ನಿಷ್ಟ" ಅಂದಿದ್ದಾರೆ. ಹಾಗಂದರೆ ಏನರ್ಥ ಅಂತ ಇಲ್ಲಿರೋ ಹೆಣ್ಣುಮಕ್ಕಳಿಗೆ ಗೊತ್ತು.

ಗುಮ್ಮಟದ_ಗಾಳಿ, ವಿಜಯಪುರ
ಬೇಡ. ಮುಗೀತು. ಮುಂದಿನ ಪ್ರಶ್ನೆ.

ಕಬ್ಬಿನ_ಬಿಲ್, ಮುಧೋಳ
ಅಷ್ಟು ಬೇಗ ಬೇಡ ಅಂದರೆ ಹೇಗ್ರೀ, ಅಕ್ಕಾವ್ರು ಕಾರಣ ಕೇಳುತ್ತಿದ್ದಾರೆ.

ನಮ್ಮ ಕಡೆ ಒಂದು ವಿಚಿತ್ರ ಇದೆ. ಫ್ಯಾಕ್ಟರಿಯವರು ಕಬ್ಬಿನ ಬಿಲ್ ಹಾಕಿದ ವಾರವೇ ಟೈ ಕಟ್ಟಿಕೊಂಡವರು ಊರಿಗೆ ಬರುತ್ತಾರೆ. ಬಿಲ್ ಬಾಕಿ ಇದ್ದಾಗ ಒಬ್ಬರೂ ಈ ಕಡೆ ಹಾಯಲ್ಲ. ನಮ್ಮ ಕನಸಿನ ಬಗ್ಗೆ ಅವರಿಗೆ ಅಷ್ಟೊಂದು ಕಾಳಜಿ ಇದ್ದರೆ ಜೂನ್‌ನಲ್ಲಿ ಬಿತ್ತನೆ ಖರ್ಚಿಗೆ ಪರದಾಡುವಾಗ ಬರಬೇಕಿತ್ತು.

ಲೆಕ್ಕದ_ಮಾಸ್ತರ, ಜಮಖಂಡಿ
ತಂಗಿ, ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ. ಹಾಳೆ ತಗೊಂಡು ಬರೆದು ನೋಡಿ.

ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. ನಿಮ್ಮ ಕೆಳಗೆ 2, ಅವರ ಕೆಳಗೆ 4, ಆಮೇಲೆ 8, 16. ಹತ್ತನೇ ಸಾಲಿನಲ್ಲಿ 1,024 ಜನ. ಈಗ ಅವರ ಮೇಲಿನವರನ್ನೆಲ್ಲ ಕೂಡಿಸಿ, ನಿಮ್ಮನ್ನೂ ಸೇರಿಸಿ: 1,023. ಅಂದರೆ ಕೊನೇ ಸಾಲಿನಲ್ಲಿರುವವರು ಮೇಲಿನ ಎಲ್ಲರಿಗಿಂತ ಒಬ್ಬರು ಜಾಸ್ತಿ. ಐದನೇ ಸಾಲಿಗೆ ನಿಲ್ಲಿಸಿ, ಹದಿನೈದಕ್ಕೆ ನಿಲ್ಲಿಸಿ, ಇದು ಬದಲಾಗಲ್ಲ. ಯಾವತ್ತು ನೋಡಿದರೂ ಅರ್ಧಕ್ಕಿಂತ ಜಾಸ್ತಿ ಜನರ ಕೆಳಗೆ ಯಾರೂ ಇಲ್ಲ. ಅವರಿಗೆ ಪೇರ್ ಇಲ್ಲ, ಕಮಿಷನ್ ಇಲ್ಲ. ಆದರೆ ತಿಂಗಳ 2,500 ಮಾತ್ರ ಇದೆ. ಫೋನ್ ಎತ್ತದ ಆ ಅರ್ಧ ಮಂದಿ ಯಾರು ಅಂತ ಈಗ ತಿಳಿಯಿತಲ್ಲ?

ಹಾಗೇ ಮುಂದುವರಿಸಿದರೆ ಇಪ್ಪತ್ತೊಂದನೇ ಸಾಲಿಗೆ 20,97,152 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18.89 ಲಕ್ಷ, ತೊಟ್ಟಿಲಲ್ಲಿರೋ ಕೂಸನ್ನೂ ಹಿಡಿದು.

ಗುಮ್ಮಟದ_ಗಾಳಿ
ಕೂಸಿಗೂ ಒಂದು ಐಡಿ ಹಾಕಿಬಿಡಿ ಮಾಸ್ತರೇ, ಪೌಡರ್ ಹೇಗೂ ಬೇಕು.

ಡೈಮಂಡ್_ಡ್ರೀಮ್ಸ್, ಬೆಳಗಾವಿ
ಇಲ್ಲಿ ಎಲ್ಲರೂ ನೆಗೆಟಿವ್. ಯಾರೂ ಪ್ಲಾನ್ ಪೂರ್ತಿ ನೋಡಿಲ್ಲ ಅಂತ ಗೊತ್ತಾಗುತ್ತೆ. ನೌಕರಿನೂ ಪಿರಮಿಡ್ಡೇ ಅಲ್ವಾ? ಮೇಲೆ ಮ್ಯಾನೇಜರ್, ಕೆಳಗೆ ಕ್ಲರ್ಕು, ಅದರ ಕೆಳಗೆ ಪ್ಯೂನ್. ಅಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ಇಲ್ಲಿ ನಿಮ್ಮ ಬಾಸ್ ನೀವೇ. ಬಿಟ್ಟು ಹೋಗುವವರು ಸೋಮಾರಿಗಳು, ಅವರಿಗೆ ಕನಸಿಲ್ಲ. ಅಕ್ಕಾ, ಮೆಸೇಜ್ ಮಾಡಿ, ಪ್ಲಾನ್ ತೋರಿಸುತ್ತೇನೆ. ಲೈಫ್ ಚೇಂಜ್ ಆಗುತ್ತೆ.

ಕಬ್ಬಿನ_ಬಿಲ್
ಪ್ಯೂನ್ ತಿಂಗಳ ಕೊನೆಗೆ ಪಗಾರ ತಗೋತಾನೆ ಅಣ್ಣಾ. ಮ್ಯಾನೇಜರ್‌ಗೆ 2,500 ಕಟ್ಟಿ ಮನೆಗೆ ಹೋಗಲ್ಲ.

ನಿಂಬೆ_ತೋಟ, ಇಂಡಿ
ಅದೂ ಅಲ್ಲದೆ ನಮ್ಮ ಆಫೀಸಿನ ಪ್ಯೂನ್ ಇನ್ನಿಬ್ಬರು ಪ್ಯೂನ್‌ಗಳನ್ನು ಹುಡುಕಿ ತರಬೇಕು ಅಂತ ಯಾರೂ ಹೇಳಿಲ್ಲ. ತಂದರೆ ಅವನಿಗೇ ಕೂರೋಕೆ ಕುರ್ಚಿ ಇರಲ್ಲ.

ಶಹಾಪುರದ_ಅಕ್ಕ, ಬೆಳಗಾವಿ
ನಾನು ಈ ಕೆಲಸದಲ್ಲೇ ಇರುವವಳು, ಇವತ್ತಿಗೂ ಮಾಡುತ್ತೇನೆ. ಹಾಗಾಗಿ ಮಾಸ್ತರ ಲೆಕ್ಕ ಒಪ್ಪಿಕೊಂಡೇ ನನ್ನ ಮಾತು ಹೇಳುತ್ತೇನೆ. ಡೈಮಂಡ್ ತಮ್ಮಾ, ನೀನೂ ಓದು.

ಬಿಟ್ಟು ಹೋಗುವವರು ಸೋಮಾರಿಗಳಲ್ಲ. ನನ್ನ ಕಣ್ಣೆದುರು ಹೋದವರಲ್ಲಿ ಜಾಸ್ತಿ ಮಂದಿ ಹೋಗಿದ್ದು ಉದ್ರಿಯಿಂದ. ಹೊಸದಾಗಿ ಸೇರಿದಾಕೆ ಮೊದಲು ಎಲ್ಲಿಗೆ ಹೋಗುತ್ತಾಳೆ? ಅಕ್ಕನ ಮನೆ, ಸೋದರತ್ತೆ ಮನೆ, ಪಕ್ಕದ ಮನೆ. ಅವರು ಮಾಲು ತಗೊಂಡು "ಪಗಾರ ಆದ ಮೇಲೆ ಕೊಡ್ತೀನಿ" ಅನ್ನುತ್ತಾರೆ. ಕೇಳೋಕೆ ಇವಳಿಗೆ ನಾಚಿಕೆ. ಇತ್ತ ಕಂಪನಿಗೆ ಪೂರ್ತಿ ರೊಕ್ಕ ಕಟ್ಟಿಯೇ ಮಾಲು ಎತ್ತಿರುತ್ತಾಳೆ. ಎರಡನೇ ತಿಂಗಳು ಕೈ ಖಾಲಿ. ಮೇಲಿನವರು ಫೋನ್ ಮಾಡಿ "ಈ ತಿಂಗಳ ಟಾರ್ಗೆಟ್ ಎಷ್ಟು?" ಅಂದರೆ ಆ ಫೋನ್ ಯಾಕೆ ಎತ್ತುತ್ತಾಳೆ? ಇದನ್ನು ಬಿಟ್ಟು ಕನಸಿನ ಭಾಷಣ ಮಾಡಿದರೆ ಏನು ಬಂತು?

ನಾನು ಮಾಡೋದು ಇಷ್ಟು. ಯಾರಾದರೂ ಸೇರುತ್ತೇನೆ ಅಂದರೆ ತಕ್ಷಣ ಐಡಿ ಹಾಕಲ್ಲ. ಮೊದಲು ನನ್ನ ಮಾಲನ್ನೇ ಸ್ವಲ್ಪ ಒಯ್ದು ಮಾರಲಿ. ಮನೆಯವರಲ್ಲದ ಹತ್ತು ಗಿರಾಕಿ ಸಿಕ್ಕು, ಅವರಲ್ಲಿ ಅರ್ಧ ಮಂದಿ ಎರಡನೇ ಸಲ ತಗೊಂಡರೆ ಆಮೇಲೆ ಐಡಿ. ಹತ್ತು ಗಿರಾಕಿ ಸಿಗದಿದ್ದರೆ ಅವಳಿಗೂ ನಷ್ಟ ಇಲ್ಲ, ನನಗೂ ಇಲ್ಲ. ಇದರಿಂದ ಸೇರುವವರು ಕಡಿಮೆ, ಮೇಲಿನವರಿಗೆ ನನ್ನ ಮೇಲೆ ಸಿಟ್ಟು. ಆದರೆ ಸೇರಿದವರು ನಿಂತಿದ್ದಾರೆ.

ಮಾರೋದು ಬರೀ ತಿಂಗಳು ತಿಂಗಳು ಮುಗಿಯೋ ಸಾಮಾನು. ಪಾತ್ರೆ ತೊಳೆಯೋ ಲಿಕ್ವಿಡ್, ಟೂತ್‌ಪೇಸ್ಟ್, ನೆಲ ಒರೆಸೋದು. ಮೂರು ಸಾವಿರದ ಜ್ಯೂಸ್ ಬಾಟಲಿ ನಾನು ಮುಟ್ಟಲ್ಲ. ಅದನ್ನು ಒಂದು ಸಲ ದಾಕ್ಷಿಣ್ಯಕ್ಕೆ ತಗೋತಾರೆ, ಎರಡನೇ ಸಲ ನಮ್ಮನ್ನು ನೋಡಿ ಬಾಗಿಲು ಹಾಕುತ್ತಾರೆ. ತಿಂಗಳ ಕೊನೇ ದಿನ ರ‍್ಯಾಂಕ್ ತುಂಬಿಸೋಕೆ ಅಂತ ಟೀಮಿನವರ ತಲೆಗೆ ಮಾಲು ಕಟ್ಟಲ್ಲ. ಅದನ್ನು ಒಂದು ಸಲ ಮಾಡಿದರೆ ಅವರು ಮತ್ತೆ ನಂಬಲ್ಲ. ಉದ್ರಿಗೆ ಒಂದು ನೋಟ್‌ಬುಕ್: ಎಡಗಡೆ ಕೊಟ್ಟಿದ್ದು, ಬಲಗಡೆ ಬಂದಿದ್ದು. ಎಡಗಡೆ ಬೆಳೆಯುತ್ತಾ ಹೋದರೆ ಆ ಗಿರಾಕಿಗೆ ಮುಂದಿನ ಮಾಲಿಲ್ಲ, ಅತ್ತೆಯಾದರೂ ಸರಿ.

ಒಂದೇ ಓಣಿಯಲ್ಲಿ ಇಬ್ಬರಿಗೆ ಐಡಿ ಹಾಕೋದು ದೊಡ್ಡ ಅನ್ಯಾಯ. ಇಬ್ಬರೂ ಅದೇ ಗಿರಾಕಿ ಮನೆಗೆ ಹೋಗಿ ಜಗಳ ಮಾಡಿಕೊಳ್ಳುತ್ತಾರೆ. ಜೂನ್‌ನಲ್ಲಿ ಶಾಲೆ ಫೀಸು, ಆ ತಿಂಗಳು ಯಾರನ್ನೂ ಒತ್ತಾಯ ಮಾಡಬಾರದು. ಶ್ರಾವಣ, ಗಣಪತಿ, ದೀಪಾವಳಿ ಹೊತ್ತಿಗೆ ತಾನೇ ಮಾರಾಟ ಏರುತ್ತೆ.

ಸಿಗೋದೆಷ್ಟು ಅಂತ ಕೇಳುತ್ತೀರಿ. ನಮ್ಮ ಮನೆ ಕಿರಾಣಿ ಖರ್ಚು ಹೋಗುತ್ತೆ. ಕೆಲವು ತಿಂಗಳು ಗ್ಯಾಸೂ ಹೋಗುತ್ತೆ. ಕಾರು ಬಂದಿಲ್ಲ, ಬರೋದೂ ಇಲ್ಲ.

ಲೆಕ್ಕದ_ಮಾಸ್ತರ
ಅಕ್ಕಾವ್ರೇ, ನೀವು ಹೇಳಿದ್ದು ಸರಿ, ಆದರೆ ಅದು ವ್ಯಾಪಾರ. ನೀವು ಗಳಿಸುತ್ತಿರೋದು ಲಿಕ್ವಿಡ್ ಮಾರಿ, ಜನರನ್ನು ಸೇರಿಸಿ ಅಲ್ಲ. ಈ ತಂಗಿಗೆ ಅವರು ತೋರಿಸಿರೋ ಪ್ಲಾನ್ ಬೇರೆ. ಅಲ್ಲಿ ಗಿರಾಕಿ ಅನ್ನೋ ಮಾತೇ ಇಲ್ಲ.

ಶಹಾಪುರದ_ಅಕ್ಕ
ಅದನ್ನೇ ನಾನೂ ಹೇಳಿದ್ದು ಮಾಸ್ತರೇ. ಎರಡನ್ನೂ ಒಂದೇ ಹೆಸರಿಂದ ಕರೆಯುತ್ತಾರೆ, ಅದಕ್ಕೆ ನಮ್ಮಂಥವರಿಗೂ ಕೆಟ್ಟ ಹೆಸರು.

ಹಳೇ_ಡೌನ್‌ಲೈನ್, ಗೋಕಾಕ
ಬಿಟ್ಟವರ ಕಡೆಯಿಂದ ನಾನು ಹೇಳುತ್ತೇನೆ. ಟೀಮ್ ಉಳಿಸಿಕೊಳ್ಳೋದು ಹೇಗೆ ಅಂತ ಎಲ್ಲ ಅಪ್‌ಲೈನ್‌ಗಳೂ (ನಮ್ಮನ್ನು ಸೇರಿಸಿದ ಮೇಲಿನವರು) ಸೆಮಿನಾರ್ ಮಾಡುತ್ತಾರೆ. ಬಿಟ್ಟವನನ್ನು ಕರೆದು ಯಾಕಪ್ಪಾ ಬಿಟ್ಟೆ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಸೇರಿದ ದಿನವೇ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು "ನೂರು ಹೆಸರು ಬರೀರಿ" ಅಂದರು. ನಾನು ನಲವತ್ತಕ್ಕೆ ನಿಂತೆ. ಪಕ್ಕದಲ್ಲಿ ಕೂತು "ಮದುವೆ ಆಲ್ಬಮ್ ತೆಗೀರಿ, ಅದರಲ್ಲಿ ಇದ್ದಾರಲ್ಲ" ಅಂದರು. ಆಲ್ಬಮ್ ನೋಡಿ ಹೆಂಡತಿಯ ಸೋದರಮಾವನ ಹೆಸರೂ ಬರೆಸಿದರು. ಆಮೇಲೆ ಆ ಮಾವನಿಗೆ ನನಗಿಂತ ಮೊದಲು ಅವರೇ ಫೋನ್ ಮಾಡಿದರು. ಈಗ ಆ ಮಾವ ನಮ್ಮ ಮನೆ ಕಾರ್ಯಕ್ಕೆ ಬಂದರೂ ನನ್ನಿಂದ ದೂರ ಕೂರುತ್ತಾರೆ, ಎಲ್ಲಿ ಬ್ಯಾಗಿಂದ ಬ್ರೋಷರ್ ತೆಗೆಯುತ್ತಾನೋ ಅಂತ.

ಭಾನುವಾರ ಮೀಟಿಂಗ್. ಗೋಕಾಕದ ಮೇ ತಿಂಗಳ ಬಿಸಿಲಿಗೆ ಕೋಟು ಹಾಕಿ ಬರಬೇಕು. ಟಿಕೆಟ್ ಬೇರೆ. ವೇದಿಕೆ ಮೇಲೆ ಒಬ್ಬರು ಕಾರಿನ ಕೀ ತೋರಿಸುತ್ತಾರೆ, ಕೆಳಗೆ ನಾವು ಚಪ್ಪಾಳೆ. ಆ ಕಾರು ಸಾಲದ್ದೋ ಸ್ವಂತದ್ದೋ ಕೇಳುವಂತಿಲ್ಲ, ಕೇಳಿದರೆ ನೆಗೆಟಿವ್.

ಮಾಲು ಹೋಗಲಿಲ್ಲ. ನನ್ನ ಟೂತ್‌ಪೇಸ್ಟ್‌ನ ಅರ್ಧ ರೇಟಿಗೆ ಮೂಲೆಯ ಕಿರಾಣಿ ಅಂಗಡಿಯಲ್ಲಿ ಬೇರೆ ಸಿಗುತ್ತೆ, ಅದೂ ಉದ್ರಿ. ನನ್ನ ಹತ್ತಿರ ಯಾರು ಬರುತ್ತಾರೆ? ಟ್ರೆಜರಿ ಕಪಾಟಿನೊಳಗೆ ಇಟ್ಟ ಪೌಡರ್ ಡಬ್ಬಿಗಳ ಡೇಟ್ ಮುಗಿಯುತ್ತಾ ಬಂತು. ಅದನ್ನು ಹೇಳಿದಾಗ ಬಂದ ಉತ್ತರ "ನೀವೇ ಕುಡೀರಿ, ರಿಸಲ್ಟ್ ಬಂದರೆ ತಾನೇ ಮಾರಾಟ ಆಗುತ್ತೆ." ಬಿಡುತ್ತೇನೆ ಅಂದ ರಾತ್ರಿಯೇ ವಾಟ್ಸಾಪ್ ಗ್ರೂಪಿಂದ ತೆಗೆದರು. ಬೆಳಿಗ್ಗೆ ಅದೇ ಗ್ರೂಪಿನಲ್ಲಿ "ಸೋತವರು ಕಾರಣ ಹುಡುಕುತ್ತಾರೆ" ಅಂತ ಫೋಟೋ ಹಾಕಿದ್ದನ್ನು ಗೆಳೆಯ ಕಳಿಸಿದ.

ಹರಿದ ಚೀಲಕ್ಕೆ ಮೇಲಿಂದ ಜೋಳ ಸುರಿದ ಹಾಗೆ ಅವರ ಕೆಲಸ. ಸುರಿಯೋದರಲ್ಲಿ ಶೂರರು. ಚೀಲ ತಿರುಗಿಸಿ ನೋಡಲ್ಲ.

ಡೈಮಂಡ್_ಡ್ರೀಮ್ಸ್
ನಿಮ್ಮ ಅಪ್‌ಲೈನ್ ಸರಿ ಇರಲಿಲ್ಲ. ಅದಕ್ಕೆ ಇಂಡಸ್ಟ್ರಿಯನ್ನೇ ಬೈಯೋದಾ?

ಹಳೇ_ಡೌನ್‌ಲೈನ್
ನನ್ನ ಅಪ್‌ಲೈನ್ ಕೂಡ ಅವರ ಅಪ್‌ಲೈನ್ ಬಗ್ಗೆ ಇದನ್ನೇ ಹೇಳುತ್ತಿದ್ದರು.

ನವನಗರದ_ಹೊಲಿಗೆ
ಗೋಕಾಕದ ಅಣ್ಣಾವ್ರು ಬರೆದದ್ದು ಓದಿ ನಗುನೂ ಬಂತು, ಹೊಟ್ಟೆನೂ ಉರಿಯಿತು. ನೂರು ಹೆಸರಿನ ನೋಟ್‌ಬುಕ್ ನಾದಿನಿ ಹತ್ತಿರಾನೂ ಇದೆ.

ಒಂದು ಕೇಳೋದಿತ್ತು. ಮೀಟಿಂಗ್‌ನಲ್ಲಿ "ನಮ್ಮ ಕಂಪನಿ ಗೌರ್ಮೆಂಟ್ ಅಪ್ರೂವ್ಡ್" ಅಂತ ಸರ್ಟಿಫಿಕೇಟ್ ತೋರಿಸಿದರು. ಅದು ನಿಜ ಇರಬಹುದಾ?

ಕೋರ್ಟ್_ರಸ್ತೆ, ವಿಜಯಪುರ
ವಕೀಲನಾಗಿ ಹೇಳುತ್ತೇನೆ. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ನಂಬರ್, ಪ್ಯಾನ್ ತೋರಿಸಿ "ಸರ್ಕಾರದ ಒಪ್ಪಿಗೆ" ಅನ್ನುತ್ತಾರೆ. ಜಿಎಸ್‌ಟಿ ನಂಬರ್ ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೂ ಇದೆ. ಅದರಿಂದ ಪ್ಲಾನ್ ಒಳ್ಳೇದು ಅಂತ ಆಗಲ್ಲ.

ಈ ವ್ಯವಹಾರಕ್ಕೆ ನಿಯಮ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮ ತಂದಿತು. ಅದಕ್ಕೂ ಮುಂಚೆ 2016ರಲ್ಲಿ ಬರೀ ಮಾರ್ಗಸೂಚಿ ಇತ್ತು. ಈಗ ಪಿರಮಿಡ್ ಯೋಜನೆ ನಡೆಸೋದು, ಅದಕ್ಕೆ ಜನರನ್ನು ಸೇರಿಸೋದು ಎರಡೂ ನಿಷೇಧ. ಜನರನ್ನು ಸೇರಿಸಿದ್ದಕ್ಕೇ ಲಾಭ ಬರುತ್ತಿದ್ದರೆ ಅದು ಪಿರಮಿಡ್. ಮಾಲು ಮಾರಿದ್ದಕ್ಕೆ ಬಂದರೆ ಬೇರೆ ಮಾತು. ಸೇರುವುದಕ್ಕೆ ಪ್ರವೇಶ ಫೀಸು ತಗೊಳ್ಳುವಂತಿಲ್ಲ. 11,000ದ ಕಿಟ್ ಕಡ್ಡಾಯ ಅಂದರೆ ನಾನಂತೂ ಅಲ್ಲೇ ನಿಂತು ಪ್ರಶ್ನೆ ಕೇಳುತ್ತೇನೆ. ಲಿಖಿತ ಕರಾರು ಇರಲೇಬೇಕು. ಅದರಲ್ಲಿ ಕೂಲಿಂಗ್ ಆಫ್ ಅವಧಿ ಅಂತ ಇರುತ್ತೆ, ಅಷ್ಟರೊಳಗೆ ದಂಡ ಇಲ್ಲದೆ ಹೊರಗೆ ಬರಬಹುದು. ಕಂಪನಿಗೆ ದೂರು ಕೇಳುವ ಅಧಿಕಾರಿ ಇರಬೇಕು, ಅವರ ಹೆಸರು, ನಂಬರ್ ವೆಬ್‌ಸೈಟ್‌ನಲ್ಲಿ ಇರಬೇಕು.

ಇನ್ನೊಂದು ಮಾತು ಯಾರಿಗೂ ಗೊತ್ತಿರಲ್ಲ. "ನೀವು ತಗೊಳ್ರಿ, ಇನ್ನಿಬ್ಬರನ್ನು ಕರಕೊಂಡು ಬಂದರೆ ನಿಮ್ಮ ರೊಕ್ಕ ವಾಪಸ್" ಅಂತ ಹೇಳಿ ಗಿರಾಕಿಗೆ ಮಾರೋದೂ ಆ ನಿಯಮದ ಪ್ರಕಾರ ತಪ್ಪು. ಮೊದಲೇ ಕೇಳದೆ, ಗುರುತಿನ ಚೀಟಿ ಇಲ್ಲದೆ ಮನೆ ಬಾಗಿಲಿಗೆ ಹೋಗೋದೂ ತಪ್ಪು.

ಇನ್ನು 1978ರ ಹಣ ಚಲಾವಣೆ ಯೋಜನೆ ನಿಷೇಧ ಕಾಯ್ದೆ. ನಡೆಸಿದವರಿಗೆ ಮಾತ್ರ ಅನ್ವಯ ಅಂತ ಜನ ತಿಳಿದಿದ್ದಾರೆ. ಅಂಥ ಯೋಜನೆಗೆ ಸದಸ್ಯರಾಗೋದು, ಅದರಲ್ಲಿ ಭಾಗವಹಿಸೋದು ಕೂಡ ನಿಷೇಧವೇ. ಮೂರು ವರ್ಷದವರೆಗೆ ಜೈಲು ಇದೆ.

ಕಬ್ಬಿನ_ಬಿಲ್
ಅಂದರೆ ಕೆಳಗಿನವರು ಠಾಣೆಗೆ ಹೋದರೆ ನಾದಿನಿ ಹೆಸರೂ ಬರಬಹುದಾ ವಕೀಲರೇ?

ಕೋರ್ಟ್_ರಸ್ತೆ
ಕೆಳಗಿನವರಿಗೆ ಗೊತ್ತಿರೋದು ಅವರನ್ನು ಸೇರಿಸಿದವರ ಮನೆ ಮಾತ್ರ. ಕಂಪನಿ ಆಫೀಸ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲ್ಲ. ಹಾಗಾಗಿ ದೂರಿನಲ್ಲಿ ಮೊದಲ ಹೆಸರು ಯಾರದ್ದು ಅಂತ ನೀವೇ ಯೋಚಿಸಿ. ದೊಡ್ಡ ಹೆಸರಿನ ಕಂಪನಿ ಅಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ (ಇಡಿ) ಆಮ್‌ವೇ ಇಂಡಿಯಾದ 757.77 ಕೋಟಿ ರೂಪಾಯಿ ಆಸ್ತಿ ಜಪ್ತಿ ಮಾಡಿತ್ತು. ಪಿರಮಿಡ್ ನಡೆಸುತ್ತಿದೆ ಅನ್ನೋದು ಇಡಿ ಆರೋಪ, ಕಂಪನಿ ಅದನ್ನು ಒಪ್ಪಿಲ್ಲ.

ಮೆಡಿಕಲ್_ಅಂಗಡಿ, ಬೈಲಹೊಂಗಲ
ಜ್ಯೂಸ್ ಬಗ್ಗೆ ಒಂದು ಮಾತು, ದಯವಿಟ್ಟು ಓದಿ. ನಮ್ಮ ಅಂಗಡಿಗೆ ಪ್ರತಿ ತಿಂಗಳು ಶುಗರ್ ಮಾತ್ರೆಗೆ ಬರುವ ಅಜ್ಜಿಯೊಬ್ಬರು ಬರೋದನ್ನೇ ಬಿಟ್ಟರು. ಊರಿಗೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಮಗ ಬಂದು ಹೇಳಿದ, ಯಾರೋ ಜ್ಯೂಸ್ ಕೊಟ್ಟು ಮಾತ್ರೆ ಬಿಡಿಸಿದ್ದರು, ಶುಗರ್ ಏರಿ ಆಸ್ಪತ್ರೆಗೆ ಹಾಕಿದೆವು ಅಂತ.

ಇವು ಔಷಧಿ ಅಲ್ಲ, ಆಹಾರದ ಲೈಸೆನ್ಸ್‌ನಲ್ಲಿ ಬರುವ ಸಾಮಾನು. ಡಬ್ಬಿ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತೆ. ಆ ಲೈಸೆನ್ಸ್ ಇಟ್ಟುಕೊಂಡು ಕಾಯಿಲೆ ಗುಣ ಮಾಡುತ್ತೆ ಅನ್ನುವಂತಿಲ್ಲ. ಡಯಾಬಿಟೀಸ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಮಾಡೋದಕ್ಕೆ 1954ರಿಂದಲೂ ಕಾನೂನಿನ ತಡೆ ಇದೆ. ಕಂಪನಿಯವರು ಡಬ್ಬಿ ಮೇಲೆ ಏನೂ ಬರೆಯಲ್ಲ, ಜಾಣರು. ಹೇಳೋದೆಲ್ಲ ಬಾಯಲ್ಲಿ, ನಿಮ್ಮಂಥ ಅಕ್ಕತಂಗಿಯರ ಬಾಯಲ್ಲಿ. ನಾಳೆ ಏನಾದರೂ ಆದರೆ ಹೇಳಿದವರು ನೀವು.

ಖಣ_ಮತ್ತು_ಸೀರೆ, ಗುಳೇದಗುಡ್ಡ
ಅಕ್ಕಾ, ನೀವು ಬ್ಲೌಸ್ ಹೊಲಿಯುವವರು. ಕೈಯಲ್ಲಿ ಕಸುಬು ಇಟ್ಟುಕೊಂಡು ಪೌಡರ್ ಯಾಕೆ ಮಾರುತ್ತೀರಿ? ಕಿಟ್ 11,000, ವರ್ಷಕ್ಕೆ ಮಾಲು 30,000, ಒಟ್ಟು 41,000. ಬ್ಲೌಸಿಗೆ 250 ಅಂತ ಹಿಡಿದರೆ 164 ಬ್ಲೌಸ್ ಹೊಲಿದ ರೊಕ್ಕ ಅದು. ಅದರಲ್ಲಿ ಅರ್ಧ ಹಾಕಿ ನಮ್ಮ ಕಡೆಯ ಖಣ ತಗೊಂಡು ಹೊಲಿದು ಕೊಡಿ. ಗಿರಾಕಿ ಬಟ್ಟೆ ತರೋದು ಬೇಡ, ನಿಮ್ಮಲ್ಲೇ ಆರಿಸಲಿ. ವಾಟ್ಸಾಪ್ ಸ್ಟೇಟಸ್ ಸಾಕು, ಯಾವ ಕೋಟೂ ಬೇಡ.

ಟಿಳಕವಾಡಿ_ಟಾಕೀಸ್, ಬೆಳಗಾವಿ
ಖಣ ಅಂದಮೇಲೆ ನೆನಪಾಯಿತು. ಇಳಕಲ್ ಸೀರೆ ಅಂತ ಈಗ ಮಾರೋದು ಪೂರ್ತಿ ಪವರ್‌ಲೂಮ್ ಅಲ್ವಾ? ಕೈಮಗ್ಗ ಅಂತ ಗೊತ್ತಾಗೋದು ಹೇಗೆ?

ಖಣ_ಮತ್ತು_ಸೀರೆ
ಸೆರಗು ಮೈಗೆ ಸೇರುವ ಜಾಗ ನೋಡಿ. ಕೈಮಗ್ಗದಲ್ಲಿ ಸೆರಗಿನ ಹಾಸು (ಉದ್ದದ ಎಳೆ) ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಒಂದೊಂದು ಎಳೆ ಹಿಡಿದು ಕೊಂಡಿ ಹಾಕಿ ಜೋಡಿಸುತ್ತಾರೆ. ಅಲ್ಲಿ ಬೆರಳಾಡಿಸಿದರೆ ತಿಳಿಯುತ್ತೆ. ಕೊಂಡಿ ಇಲ್ಲದೆ "ಅಪ್ಪಟ ಕೈಮಗ್ಗ" ಅಂದರೆ ನಂಬಬೇಡಿ.

ನಿಂಬೆ_ತೋಟ
ಅಮೀನಗಡ ಕರದಂಟೋ ಗೋಕಾಕ ಕರದಂಟೋ ಅದನ್ನೂ ಇಲ್ಲೇ ತೀರ್ಮಾನ ಮಾಡಿಬಿಡಿ.

ಹಳೇ_ಡೌನ್‌ಲೈನ್
ಗೋಕಾಕ. ಇದರಲ್ಲಿ ಚರ್ಚೆ ಏನಿದೆ?

ನವನಗರದ_ಹೊಲಿಗೆ
ಅಮೀನಗಡ ನಮ್ಮ ಜಿಲ್ಲೆ. ಪೋಸ್ಟ್ ನಂದು. ಅಮೀನಗಡ.

ಲೆಕ್ಕಪತ್ರ, ಬಾಗಲಕೋಟೆ
ದಾರಿಗೆ ಬರೋಣ. ನಾನು ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸದಲ್ಲಿದ್ದೇನೆ. ಮೊಬೈಲ್‌ನಲ್ಲಿ ತೋರಿಸುವ ಕಮಿಷನ್ ಸ್ಕ್ರೀನ್‌ಶಾಟ್ ನಂಬಬೇಡಿ. ಅದರಲ್ಲಿ ಈವರೆಗಿನ ಒಟ್ಟು ಪಾಯಿಂಟ್ ಇರುತ್ತೆ, ಬ್ಯಾಂಕಿಗೆ ಬಿದ್ದ ರೊಕ್ಕ ಇರಲ್ಲ. ಒಂದು ಮಿತಿ ದಾಟಿದ ಕಮಿಷನ್ ಮೇಲೆ ಕಂಪನಿ ಟಿಡಿಎಸ್ (ರೊಕ್ಕ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯಲೇಬೇಕು. ಮೊದಲು 5 ಪರ್ಸೆಂಟ್ ಇತ್ತು, 2024ರ ಅಕ್ಟೋಬರ್‌ನಿಂದ 2 ಆಗಿದೆ. ಹಿಡಿದದ್ದು ಪ್ಯಾನ್ ನಂಬರಿನ ಮೇಲೆ 26ಎಎಸ್ ಫಾರ್ಮಿನಲ್ಲಿ ಬರುತ್ತೆ, ಯಾರಿಂದ ಎಷ್ಟು ಅಂತ ಸಮೇತ. ಲಕ್ಷ ಲಕ್ಷ ಗಳಿಸುತ್ತೇನೆ ಅನ್ನುವವರಿಗೆ "ನಿಮ್ಮ 26ಎಎಸ್ ತೋರಿಸ್ರಿ ಸರ್" ಅಂತ ನಯವಾಗಿ ಕೇಳಿ.

ಆ ಕಮಿಷನ್‌ನಿಂದಲೂ ಅವರು ಸ್ವಂತ ತಗೊಂಡ ಮಾಲು, ಟಿಕೆಟ್, ಓಡಾಟ ಕಳೆಯಬೇಕು. ಹೆಣ್ಣುಮಕ್ಕಳಿಗೆ ಬಸ್ಸಾದರೂ ಪುಕ್ಕಟೆ, ಅದೊಂದು ಉಳಿತಾಯ.

ಲೆಕ್ಕದ_ಮಾಸ್ತರ
ಅಮೆರಿಕದಲ್ಲೂ ಇದೇ ಕತೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನವರು 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ಪತ್ರ ಓದಿ 2024ರಲ್ಲಿ ವರದಿ ಕೊಟ್ಟರು. ಹೆಚ್ಚಿನ ಸದಸ್ಯರ ಗಳಿಕೆ ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಕೆಲವು ಕಂಪನಿಗಳಲ್ಲಂತೂ ಹೆಚ್ಚಿನವರಿಗೆ ಏನೂ ಬಂದಿಲ್ಲ. ಖರ್ಚನ್ನು ಆ ಪತ್ರಗಳಲ್ಲಿ ಕಳೆಯುವುದೇ ಅಪರೂಪ.

ಡೈಮಂಡ್_ಡ್ರೀಮ್ಸ್
ಅಮೆರಿಕ ಬೇರೆ, ಇಂಡಿಯಾ ಬೇರೆ.

ಲೆಕ್ಕಪತ್ರ
ಸರಿ ತಮ್ಮಾ, ಇಂಡಿಯಾದ್ದೇ ನೋಡೋಣ. ನಿಮ್ಮ 26ಎಎಸ್?

ಗುಮ್ಮಟದ_ಗಾಳಿ
ಡೈಮಂಡ್ ಆಫ್‌ಲೈನ್ ಹೋದರು.

ನವನಗರದ_ಹೊಲಿಗೆ
ನಿನ್ನೆ ನಾದಿನಿ ಮನೆಗೆ ಹೋಗಿದ್ದೆ. ಜಗಳ ಮಾಡಲಿಲ್ಲ. "ಟೀಮಿನಲ್ಲಿ ಇಲ್ಲದವರು ನಿಮ್ಮ ಹತ್ತಿರ ಮಾಲು ಯಾರು ಯಾರು ತಗೋತಾರೆ?" ಅಂತ ಮಾತ್ರ ಕೇಳಿದೆ. ಮೇಲಿನ ಮನೆ ಟೀಚರ್ ಅಂದರು. ಆಮೇಲೆ ಎರಡು ಹೆಸರು ಹೇಳಿ, "ಅಯ್ಯ ಅವರಿಗೂ ಐಡಿ ಐತಲ್ಲ" ಅಂತ ತಾವೇ ಬೆರಳು ಮಡಚಿದರು. ಟೀಚರ್ ತಗೋಳ್ಳೋದು ಟೂತ್‌ಪೇಸ್ಟ್ ಒಂದೇ.

ನಾನು ಕಿಟ್ ತಗೊಳ್ಳಲ್ಲ ಅಂದೆ. ಟೂತ್‌ಪೇಸ್ಟ್ ಬೇಕಾದರೆ ನಿಮ್ಮಲ್ಲೇ ರೊಕ್ಕ ಕೊಟ್ಟು ತಗೋತೀನಿ ಅಂದೆ. ಸಿಟ್ಟಾಗಲಿಲ್ಲ. "ನೀನೂ ಬರದಿದ್ದರ ಈ ತಿಂಗಳ ನನ್ನ ಪೇರ್ ಆಗೂದಿಲ್ಲ" ಅಂದರು. ಮಂಚದ ಕೆಳಗೆ ಜ್ಯೂಸಿನ ಡಬ್ಬಿಗಳು ಇದ್ದವು, ಸೀಲ್ ಒಡೆದಿಲ್ಲ. ಅವರ ಮನೆಯವರಿಗೆ ಇದಕ್ಕೆ ರೊಕ್ಕ ಎಷ್ಟಾಗಿದೆ ಅಂತ ಗೊತ್ತಿಲ್ಲವಂತೆ. ನಾದಿನಿಗೆ ಏನಾದರೂ ದಾರಿ ಇದೆಯಾ?

ಶಹಾಪುರದ_ಅಕ್ಕ
ತಂಗಿ, ಮೊದಲು ಡಬ್ಬಿಗಳನ್ನೆಲ್ಲ ಹೊರಗೆ ತೆಗೆಸಿ, ಡೇಟ್ ಪ್ರಕಾರ ಸಾಲಾಗಿ ಇಡಿಸಿ. ಡೇಟ್ ದೂರ ಇರೋ, ಸೀಲ್ ಒಡೆಯದ ಮಾಲಿಗೆ ಬಿಲ್ ಹುಡುಕಿ. ಬಿಲ್ ಮೊಬೈಲ್ ಆ್ಯಪ್‌ನಲ್ಲೂ ಇರುತ್ತೆ. ಕರಾರಿನಲ್ಲಿ ವಾಪಸ್ ತಗೊಳ್ಳುವ ಷರತ್ತು ಇರುತ್ತೆ, ಅದನ್ನು ಓದಿ ಕಂಪನಿಗೆ ಇಮೇಲ್ ಹಾಕಿಸಿ. ಅಪ್‌ಲೈನ್‌ಗೆ ಹೇಳಿ ಕೂರಬೇಡಿ. ಮಾಲು ವಾಪಸ್ ಹೋದರೆ ಅವರ ಕಮಿಷನ್ ಕಡಿತ ಆಗುತ್ತೆ, ಅದಕ್ಕೆ "ಸ್ವಲ್ಪ ತಡೀರಿ" ಅನ್ನುತ್ತಲೇ ದಿನ ದೂಡುತ್ತಾರೆ. ನಾನು ಬಿಟ್ಟು ಹೋಗುವವರ ಮಾಲು ವಾಪಸ್ ತಗೊಂಡೇ ಕಳಿಸೋದು. ಅವರಲ್ಲಿ ಕೆಲವರು ಇವತ್ತಿಗೂ ನನ್ನ ಗಿರಾಕಿ.

ಈ ತಿಂಗಳಿಂದ 2,500 ನಿಲ್ಲಿಸಲಿ. ಐಡಿ ಸತ್ತರೆ ಸಾಯಲಿ.

ಕೋರ್ಟ್_ರಸ್ತೆ
ಇಮೇಲ್ ಕಂಪನಿಯ ದೂರು ಅಧಿಕಾರಿಗೇ ಹೋಗಲಿ. ನಿಯಮದ ಪ್ರಕಾರ 48 ಕೆಲಸದ ಗಂಟೆಯೊಳಗೆ ದೂರು ತಲುಪಿದೆ ಅಂತ ಉತ್ತರ ಬರಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಪರಿಹಾರ ಆಗಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿ. ಮತ್ತೆ, ನಾದಿನಿಯವರು ಅವರ ಕೆಳಗೆ ಸೇರಿಸಿದವರಿಗೂ ಇದನ್ನೇ ತಿಳಿಸಲಿ. ಅವರ ಮನೆಯಲ್ಲೂ ಮಂಚ ಇರುತ್ತೆ.

ಕಬ್ಬಿನ_ಬಿಲ್
ಮತ್ತೆ ಅವರ ಮನೆಯವರಿಗೆ ನಾದಿನಿಯೇ ಹೇಳಲಿ. ಬೇರೆಯವರಿಂದ ಗೊತ್ತಾದರೆ ರಂಪ ಆಗುತ್ತೆ.

ಓಣಿ_ಭಿಶಿ, ರಬಕವಿ
ಮಾಸ್ತರೇ, ಒಂದು ಡೌಟು. ನಮ್ಮ ಓಣಿಯ ಹನ್ನೆರಡು ಹೆಣ್ಣುಮಕ್ಕಳು ತಿಂಗಳಿಗೆ 1,000 ಹಾಕಿ ಭಿಶಿ, ಅಂದರೆ ಚೀಟಿ, ಮಾಡುತ್ತೇವೆ. ಅದೂ ಇದೇ ಸಾಲಿಗೆ ಬರುತ್ತಾ?

ಲೆಕ್ಕದ_ಮಾಸ್ತರ
ಲೆಕ್ಕದಲ್ಲಿ ಬೇರೆ. ಹನ್ನೆರಡು ತಿಂಗಳಿಗೆ ಹಾಕೋದು 12,000, ಎತ್ತೋದು 12,000. ಹೊಸಬರು ಒಬ್ಬರೂ ಬರದಿದ್ದರೂ ಮುಗಿಯುತ್ತೆ. ಅಪಾಯ ಒಂದೇ, ಮೊದಲು ಎತ್ತಿದವರು ಆಮೇಲೆ ಕಟ್ಟದೇ ಹೋಗೋದು.

ಕೋರ್ಟ್_ರಸ್ತೆ
ಚೀಟಿ ವ್ಯವಹಾರಕ್ಕೆ 1982ರ ಚಿಟ್ ಫಂಡ್ಸ್ ಕಾಯ್ದೆ ಬೇರೆ ಇದೆ. ಇದಕ್ಕೊಂದು ಹೊಸ ಪೋಸ್ಟ್ ಹಾಕಿ ತಾಯೀ, ಇಲ್ಲಿ ಆಗಲ್ಲ.

ಗುಮ್ಮಟದ_ಗಾಳಿ
ಮೊದಲ ಚೀಟಿ ಯಾರ ಹೆಸರಿಗೆ ಬಂತು, ಅದನ್ನಾದರೂ ಹೇಳ್ರೀ.

ಓಣಿ_ಭಿಶಿ
ನಮ್ಮ ಅತ್ತೆಯವರಿಗೆ. ಪ್ರತಿ ವರ್ಷ.